ಕುಡಿಯುವವರಿಗೆ ತಿಳಿಯದಂತೆ

ಆ ಹ್ಯಾಂಡ್‌ಬಿಲ್ ಅಚ್ಚು ಹಾಕಿದಾಂವ ನಾನ.
ಹಳದಿ ಹಾಳಿ, ಹಸರು ಮಸಿ, ಐದು ಸಾವಿರ ಪ್ರತಿ:
'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು.
ಊಟದಲ್ಲಿ ಬೆರೆಸಿರಿ. ಪ್ರತಿ ಅಮಾವಾಸ್ಯೆ, ಬೆಟಗೇರಿ.'
'ಬಿಡಿಸಲಾಗುವುದು' ಅನ್ನೂದರಾಗ 'ಗು' ಬಿಟ್ಟಿತ್ತು,
ನಾನ ತಿದ್ದಿದೆ.
ಅವತ್ತೂ ಕುಡದಿದ್ದೆ. ಆದರ 'ಗು' ಕಾಣಿಸಿತು.
ಅದೊಂದು ಹೆಮ್ಮಿ ಇತ್ತು ನನಗ,
ಬಾಟ್ಲಿ ಒಳಗಿಂದ ನೋಡಿದರೂ ಕಾಗುಣಿತ ತಪ್ಪದ ಕಣ್ಣು ಅಂತ.

ಮೂರು ತಿಂಗಳ ಮ್ಯಾಲೆ ಒಂದು ರಾತ್ರಿ
ಎಣಗಾಯಿ ಕಹಿ ಹತ್ತಿತು.
ದಾಕ್ಷಾಯಣಿ ರೊಟ್ಟಿ ಬಡಿಯೂದು ನಿಲ್ಲಿಸಿದ್ದಳು,
ನನ್ನ ಮಾರಿ ನೋಡಲಿಲ್ಲ.
ಬಾಯಾಗ ತುತ್ತು. ಗೊತ್ತಾತು.
ಹಳದಿ ಹಾಳಿ ಕೈಯಿಂದ ಕೈ ದಾಟಿ
ನಮ್ಮನಿ ಒಲಿ ಮುಂದ ಬಂದು ಕುಂತಿತ್ತು.
ಏನೂ ಅನ್ನದ ಉಂಡೆ.
ತಾಟು ಬಳಿದು ಉಂಡೆ.
ರಾತ್ರಿಯೆಲ್ಲಾ ಬಚ್ಚಲದಾಗ ಕಾರಿಕೊಂಡೆ,
ಆಕಿ ನೀರಿನ ಚರಿಗಿ ಹಿಡಕೊಂಡು ನಿಂತಳು.
ನನಗ ತಿಳಿದೈತಿ ಅನ್ನೂದು ಆಕಿಗೂ ತಿಳಿದಿತ್ತು.
ಇಬ್ಬರೂ ಸುಮ್ಮನ.

ಮುಂಜಾನೆ ಕೇಳಿದೆ: "ಮತ್ತ ಎಲ್ಲೆಲ್ಲಿ ಕೇಳೀದಿ?"
ಸಕ್ಕರಿ ಡಬ್ಬಿ ಕೆಳಗಿಂದ ಚೀಟಿ ತಗದಳು. ಮಗಳ ಅಕ್ಷರ.
ಹಾವೇರಿ ಕಡೆ ಯಾರೋ ತಾಯತ ಕಟ್ಟತಾರ. ಗೀಟು ಹೊಡದಿತ್ತು.
ಹುಬ್ಬಳ್ಳಿಯಾಗ ಒಂದು ಕೇಂದ್ರ, ತಿಂಗಳಿಗೆ ಹದಿನೆಂಟು ಸಾವಿರ,
ಕೀಲಿ ಹಾಕಿ ಇಡತಾರಂತ. ಗೀಟು.
ಅಜ್ಜಾರ ಮುಂದ ಆಣಿ: ಎರಡು ಸಲ ಆಗೇತಿ. ಗೀಟಿನ ಮ್ಯಾಲ ಗೀಟು.
ಶಿಬಿರ ಒಂದು, ಜಾಗಾ ತುಂಬೇತಿ, ಮುಂದಿನ ವರ್ಷ ಬರ್ರಿ.
ಕಡೀಕ, ಪೆನ್ಸಿಲ್‌ನಾಗ: 'ಧಾರವಾಡ?'
ಆ ಪ್ರಶ್ನಾರ್ಥಕ ಚಿಹ್ನೆ ನೋಡಿ ಕೈ ನಡುಗಿತು.
(ಹೆಂಗೂ ನಡುಗತಿತ್ತು. ಗಂಟಿ ಏಳಾಗಿತ್ತು.)
"ಇವನ್ನ ಧಾರವಾಡಕ್ಕ ಕಳಿಸಬೇಕು ನೋಡು" ಅಂತ
ಸಾಲ್ಯಾಗ ನಾನ ಎಷ್ಟು ಮಂದಿಗೆ ಅಂದೀನಿ, ನಕ್ಕೀನಿ.

ಫೇಡೆ ತರಾಕ ಹೊಂಟೀವಿ ಅಂತ ಬಾಜೂಮನಿಗೆ ಹೇಳಿದಳು.
ಹುಬ್ಬಳ್ಳಿತನಕ ಪ್ಯಾಸೆಂಜರ್, ಆಮೇಲೆ ಚಿಗರಿ ಬಸ್ಸು.
ಆ ತಣ್ಣನ ಬಸ್ಸಿನಾಗೂ ನವಲೂರು ಬರೂದರಾಗ ಅಂಗಿ ತೊಯ್ದಿತ್ತು.

ಪಾಳಿಯಾಗ ಮುಂದ ಸಲ್ಯೂಷನ್ ಮೂಸೂ ಹುಡುಗ,
ಹದಿನಾಲ್ಕೋ ಹದಿನೈದೋ, ಮೂಗಿನ ಸುತ್ತ ಹುಣ್ಣು;
ಬಿಟ್ಟರ ಹಾರಿ ಹೋದಾನು ಅಂತ
ಅವರಜ್ಜಿ ಅಂಗಿ ತುದಿ ಮುಷ್ಟಿಯಾಗ ಹಿಡದಿದ್ದಳು.
ಹಿಂದ ರಿಟೈರ್ ಬಸ್ ಡ್ರೈವರ್ ಫಕ್ಕೀರಗೌಡ್ರು. ಮೂರನೇ ಸಲ ಬಂದಾರಂತ.
"ಮೂರನೇ ಸಲಾನ?"
"ಗೇರ್ ಜಾರತೈತಿ ತಮ್ಮಾ. ಜಾರಿದಲ್ಲಿಂದನ ಗಾಡಿ ಎತ್ತೂದು."

ಮೆಹರುನ್ನೀಸಾ ಮೇಡಂ ಕೇಳಿದರು:
ಎಷ್ಟು, ಎಂದಿನಿಂದ, ನಿದ್ದಿ ಬರತೈತೇನು, ಫಿಟ್ಸ್ ಬಂದಿತ್ತೇನು.
ಬೈಯಲಿಲ್ಲ.
ಬೈಸಿಕೊಳ್ಳಾಕ ತಯಾರಾಗಿ ಹೋಗಿದ್ದೆ, ಆ ತಯಾರಿ ಎಲ್ಲಿ ಇಡಬೇಕು ತಿಳೀಲಿಲ್ಲ.
"ಮನ್ಯಾಗ ಒಮ್ಮಿಗೇ ನಿಲ್ಲಿಸಬ್ಯಾಡ್ರಿ, ಜೀವಕ್ಕ ಅಪಾಯ.
ಹತ್ತು ದಿನ ಇಲ್ಲಿರ್ರಿ. ಮುಂದ ನಿಮ್ಮೂರ ದವಾಖಾನ್ಯಾಗನ
ಗುಳಿಗಿ ಸಿಗತಾವು, ಮಾತಾಡಾಕ ಮಂದಿನೂ ಸಿಗತಾರ."
ನಮ್ಮೂರಾಗ!
ಆ ಬೋರ್ಡಿನ ಕೆಳಗ ನಿಂತು ಎಷ್ಟು ಬೀಡಿ ಸೇದೀನಿ,
ಒಂದು ಸಲಾನೂ ಓದಿಲ್ಲ, ಈ ಕಣ್ಣು.

ಫಾರ್ಮಿಗೆ ಸಹಿ ಬೇಕಿತ್ತು. ಆಕೀದಲ್ಲ, ನಂದು.
'ನನಗೆ ತಿಳಿದು, ನನ್ನ ಒಪ್ಪಿಗೆಯಿಂದ.'
ಎರಡು ಸಲ ಓದಿದೆ.
ತಿದ್ದಾಕ ಏನೂ ಇರಲಿಲ್ಲ.
ದಾಕ್ಷಾಯಣಿ ಒಬ್ಬಾಕಿನ ತಿರುಗಿ ಹೋದಳು,
ಚೀಲದಾಗ ಕಾಲು ಕಿಲೋ ಫೇಡೆ, ಸುಳ್ಳಿಗೆ ಸಾಕ್ಷಿ.

ಇವತ್ತಿಗೆ ನಲವತ್ತೊಂದು ದಿನ.
ಮೊನ್ನೆ ಆಂವ ಮತ್ತ ಬಂದಿದ್ದ. ಅದ ಮ್ಯಾಟರ್, ಹತ್ತು ಸಾವಿರ ಪ್ರತಿ.
ಮಾಲಕರು ಅಡ್ವಾನ್ಸ್ ಇಸಗೊಂಡರು.
ಪ್ಲೇಟು ತಯಾರೈತಿ, ಹಸರು ಮಸಿ ಕಲಸೇತಿ.
ಮಶೀನಿನ ಮುಂದ ಕುಂತೀನಿ,
ಕೈ ನಡುಗತಿಲ್ಲ,
ಇನ್ನೂ ಸ್ವಿಚ್ ಒತ್ತಿಲ್ಲ.