ಲಾಳಿಯ ಲೆಕ್ಕ

ಬಿಲಿಯರ್ಡ್ ಮೇಜನ್ನು ನನ್ನ ಕ್ಲಾಸಿನಲ್ಲಿ ಯಾರೂ ನೋಡಿಲ್ಲ.
ನಾನೂ ನೋಡಿಲ್ಲ; ಒಂಬತ್ತು ವರ್ಷದಿಂದ ಅದನ್ನೇ ಪಾಠ ಮಾಡುತ್ತಿದ್ದೇನೆ.
ಹಲಗೆಯ ಮೇಲೆ ಎರಡು ಸುತ್ತು ಬರೆದು, ಬಾಣ ಹಾಕಿ,
ಇದು ಅದಕ್ಕೆ ಗುದ್ದಿತು ಅನ್ನಿ, ಎಂದೆ.
ಅಂದರು. ನಲವತ್ತೊಂದು ಬಾಯಿ, ಒಂದೇ ದನಿ.
ಯಾವ ಕಣ್ಣಿಗೂ ಏನೂ ಗುದ್ದಿರಲಿಲ್ಲ.

ಕಿಟಕಿಯಾಚೆ ಬನಹಟ್ಟಿ ತನ್ನ ಪಾಡಿಗೆ ತಾನು
ಖಟ್-ಖಡಲ್, ಖಟ್-ಖಡಲ್ ಅನ್ನುತ್ತಿತ್ತು.

ಕೊನೆಯ ಬೆಂಚಿನ ದಾನೇಶ್ವರಿ ಎದ್ದು ನಿಂತಳು:
"ಇದಕ್ಕ ಲಾಳಿ ನಡದೀತೇನ್ರಿ ಸರ್?"

ಸಂಜೆ ಅವರ ಮನೆಗೆ ಹೋದೆ. ಮನೆಯೆಂದರೆ
ನಾಲ್ಕು ಮಗ್ಗ, ಅವುಗಳ ನಡುವೆ ಉಳಿದಷ್ಟು ಜಾಗ.
ಆ ಸದ್ದಿನಲ್ಲಿ ಅವರು ಹುಬ್ಬಿನಲ್ಲೇ ಮಾತಾಡುತ್ತಾರೆ.
ಶಂಕ್ರೆಪ್ಪ ಒಂದು ಮಗ್ಗ ನಿಲ್ಲಿಸಿ ಲಾಳಿಯನ್ನು ಕೈಗಿಟ್ಟ.
ಎರಡೂ ತುದಿಗೆ ಉಕ್ಕಿನ ಮೂಗು, ಹೊಟ್ಟೆಯಲ್ಲಿ ನೂಲಿನ ಕಂಡಿಕೆ.
ನಾನೂರು ಗ್ರಾಂ ಇದ್ದೀತು. ಓಟ, ಸೆಕೆಂಡಿಗೆ ಹತ್ತು ಮೀಟರ್ ಎಂದಿಟ್ಟುಕೊಳ್ಳಿ.

"ಕಂಡಿಕಿ ತುಂಬಿದ್ದಾಗ ಬಂದು ಬಡಿಯೂದ ಬ್ಯಾರೆ,
ನೂಲ ಸವದಂಗ ಬ್ಯಾರೆ.
ಓಟ ಅಷ್ಟ ಇರತೈತಿ. ಪೆಟ್ಟು ಅಷ್ಟಿರಂಗಿಲ್ಲ."

ರಾಶಿ ಗುಣಿಸು ವೇಗ, ಅದು ಸಂವೇಗ:
ನಾನು ಹತ್ತು ಸಲ ಬರೆಸಿದ್ದು
ಅವನ ಅಂಗೈಯಲ್ಲಿ ಗಂಟು ಕಟ್ಟಿ ಕೂತಿತ್ತು.

ಓಡಿ ಬಂದ ಲಾಳಿ ನಿಲ್ಲುವ ಪೆಟ್ಟಿಗೆಯಲ್ಲಿ
ಒಂದು ಚರ್ಮದ ಪಟ್ಟಿ, ಹಿಂದೆ ಸೈಕಲ್ ಟ್ಯೂಬಿನ ತುಂಡು.
ಇದಿಲ್ಲದಿದ್ದರೆ?
"ಮೂರ ದಿನಕ್ಕ ಸೀಳತೈತ್ರಿ. ನಿಲ್ಲೂದಂತೂ ನಿಲ್ಲಾಕಬೇಕು,
ಆದ್ರ ಒಮ್ಮಿಗೇ 'ನಿಲ್ಲಲೇ' ಅನಬಾರದು.
'ಬಾರಪ್ಪಾ, ಬಾ, ಇಲ್ಲೇ ಕೂಡು' ಅನಬೇಕು."

ಆವೇಗವೆಂದರೆ ಬಲ ಗುಣಿಸು ಕಾಲ.
ಕಾಲ ಹಿಗ್ಗಿದಷ್ಟೂ ಬಲ ಕುಗ್ಗುತ್ತದೆ.
ರೆಪ್ಪೆ ಬಡಿಯಲೂ ಸಾಲದ ಹೊತ್ತನ್ನು
ಹಳೆಯ ಚರ್ಮ ಎಳೆದು ಎಳೆದು ಕೊಡುತ್ತದೆ,
ಅಷ್ಟರಲ್ಲಿ ಒಂದು ಮರದ ತುಂಡಿನ ಆಯುಷ್ಯವಿದೆ.

ಅವನ ಎಡಹುಬ್ಬಿನ ಮೇಲೊಂದು ಬಿಳಿ ಗೆರೆ.
ಎಳೆ ಕಡಿದು ಅಡ್ಡ ಬಿದ್ದಿತ್ತಂತೆ, ಲಾಳಿ ಹಾರಿತಂತೆ.
"ಹಿಂದಕ್ಕ ಬಿದ್ನಿ. ಬಿದ್ದದ್ದಕ್ಕ ಉಳದ್ನಿ.
ಲಾಳಿ ಜೋಡಿ ತಲಿನೂ ನಾಕ ಬೆರಳು ಹೋತು ನೋಡ್ರಿ."
ದಾನೇಶ್ವರಿ ಆಗ ಮೂರನೇ ಇಯತ್ತೆ.
ಕಲೆಯಾದ ಸೀರೆ ಎಷ್ಟಕ್ಕೆ ಹೋಯಿತು ಎಂಬುದು ನೆನಪಿದೆ ಅವಳಿಗೆ,
ರಕ್ತ ನೆನಪಿಲ್ಲ.

ಆಮೇಲೆ ಅವಳೇ ಕೇಳಿದಳು:
"ಲಾಳಿ ಬಲಕ್ಕ ಹೋದ್ರ, ಎಡಕ್ಕ ಹೋಗೂದು ಯಾವ್ದ್ರೀ ಸರ್?"
ಮಗ್ಗ, ಎಂದೆ. ಮಗ್ಗವನ್ನು ಬೋಲ್ಟು ಹಿಡಿದಿದೆ, ಬೋಲ್ಟನ್ನು ನೆಲ.
"ನೆಲಾನ?"
ಓಣಿ. ಓಣಿಯನ್ನು ಊರು. ಊರನ್ನು...
ಭೂಮಿ, ಎಂದೆ. ದನಿ ಯಾಕೋ ಸಣ್ಣದಾಗಿತ್ತು.
ಅವಳು ನಗಲಿಲ್ಲ. ಹೊಸ್ತಿಲ ಮೇಲಿಟ್ಟ ನನ್ನ ಚಹಾ ತೋರಿಸಿದಳು.
ಕಪ್ಪಿನೊಳಗೆ ಉಂಗುರ ಉಂಗುರವಾಗಿ ನಡುಗುತ್ತಿತ್ತು.

ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು, ಕೂಡಿದರೆ ಸೊನ್ನೆ.
ದಿನಕ್ಕೆ ಲಕ್ಷ ಸಲ ಹೋಗಿ ಬಂದರೂ ಸೊನ್ನೆ.
ಆ ಸೊನ್ನೆಯ ಕೆಳಗೆ, ಮಡಿಕೆ ಮಡಿಕೆಯಾಗಿ,
ಬದನೆ ಬಣ್ಣದ ಸೀರೆ ಇಳಿಯುತ್ತಿತ್ತು.
ಅದನ್ನು ಹಲಗೆಯ ಮೇಲೆ ಎಲ್ಲಿ ಬರೆಯಲಿ?

ನನ್ನ ಬಾಡಿಗೆ ಕೋಣೆಯ ಗೋಡೆಯಾಚೆ ಎಂಟು ಮಗ್ಗ.
ರಾತ್ರಿಯಿಡೀ ಮಂಚ ನಡುಗುತ್ತದೆ.
ಮೊದಲ ವರ್ಷ ಕಿವಿಗೆ ಹತ್ತಿ ತುರುಕಿ ಬೈದುಕೊಂಡೆ.
ಈಗ ಎಣಿಸುತ್ತೇನೆ: ಹೋಯಿತು, ಬಂತು. ಹೋಯಿತು, ಬಂತು.
ಅಮಾವಾಸ್ಯೆಗೆ ಮಗ್ಗ ನಿಲ್ಲಿಸುತ್ತಾರೆ.
ಅಂದು ನಿದ್ದೆ ಹತ್ತುವುದಿಲ್ಲ;
ಕೊನೆಯ ಹೋಯಿತನ್ನು ಹಿಡಿದುಕೊಂಡು
ಬಂತು ಬರಲೆಂದು ಮಲಗಿರುತ್ತೇನೆ.