ಬುಡದಿಂದ ತೆಗೆಯಬೇಡ

ಮೂವತ್ತೊಂದು ಚಳಿಗಾಲ ಈ ಲಾಡ್ಜಿನ ಮುಂದೆಯೇ
ಹಿಮ ಗುಡಿಸುವ ಲಾರಿಯಲ್ಲಿ ಹಾದುಹೋದ ಅಪ್ಪ
ಒಳಗೆ ಕಾಲಿಟ್ಟದ್ದು ಇವತ್ತು,
ಹೊಸದಾಗಿ ಕೂರಿಸಿದ ಮಂಡಿಯ ಜೊತೆ.
ಬಾಗಿಲಲ್ಲಿ ಬೂಟನ್ನು ನಾಲ್ಕು ಸಲ ಕುಟ್ಟಿದ.
ಅಕ್ಟೋಬರ್. ಅದರಲ್ಲಿ ಹಿಮವೇ ಇರಲಿಲ್ಲ.

ಕಿಟಕಿ ಪಕ್ಕದ ಮೇಜೇ ಸಿಕ್ಕಿತು.
ಸುತ್ತ ಎಲ್ಲರೂ ಬೆಟ್ಟಕ್ಕೆ ಬೆನ್ನು ಕೊಟ್ಟು
ಮೊಬೈಲು ಎತ್ತಿ ಹಲ್ಲು ಬಿಡುತ್ತಿದ್ದರು.
ಅಪ್ಪ ಮಾತ್ರ ಅದನ್ನು
ಸಾಲ ತಗೊಂಡು ತಲೆತಪ್ಪಿಸಿಕೊಂಡವ
ಸಂತೆಯಲ್ಲಿ ಎದುರಾದ ಹಾಗೆ ನೋಡಿದ.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ.
ಹತ್ತಿರದ್ದೂ ನುಣ್ಣಗೇ, ನಡುವೆ ಗಾಜಿದ್ದರೆ.

ಮಾರ್ಲಿಸ್ ಬಂದಳು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು.
ಶಿಖರ ನಾಚೋಸ್, ಇಪ್ಪತ್ನಾಲ್ಕು ಡಾಲರು.
"ಮುಷ್ಟಿ ಜೋಳಕ್ಕೆ?" ಅಂದ ಅಪ್ಪ.
"ನೋಟವೂ ಸೇರಿದೆ, ಹಾಲ್ವರ್."
"ಅದನ್ನ ನೋಡೋಕೆ ನನಗೆ ಸಂಬಳ ಕೊಡ್ತಿದ್ದರು."

ಬಂತು ತಟ್ಟೆ. ಎರಡು ಕೈಯಲ್ಲಿ ಹೊತ್ತು ತಂದಳು.
ಕರಿ ಬೀನ್ಸು, ಈರುಳ್ಳಿ, ಬೆಣ್ಣೆಹಣ್ಣಿನ ಹಸಿರು ಗೊಜ್ಜು,
ನೆತ್ತಿಯ ಮೇಲೆ ಹುಳಿ ಕೆನೆಯ ಬಿಳಿ,
ಎಲ್ಲದರ ಮೇಲೂ ಇಳಿದು ಇಳಿದು
ಅಂಚಿನಲ್ಲಿ ನಿಂತ ಚೀಸು.
ಉಪ್ಪಿನಲ್ಲಿಟ್ಟ ಹಲಪೇನ್ಯೊ ಬಿಲ್ಲೆಗಳು ಅಲ್ಲಲ್ಲಿ.
ಗರಿಗರಿ ಇರೋದು ಬುಡದಲ್ಲೇ ಎಂದು
ನಾನು ಕೈ ಹಾಕಿದೆ.
ಅಪ್ಪ ಮಣಿಕಟ್ಟು ಹಿಡಿದ.
"ಬುಡದಿಂದ ತೆಗೆಯಬೇಡ."

ಮತ್ತೆ ಫೋರ್ಕಿನ ತುದಿಯಲ್ಲಿ ತೋರಿಸತೊಡಗಿದ:
"ಇದು ಮೊದಲ ಹಿಮ, ಸಕ್ಕರೆ ಥರ,
ಒಂದಕ್ಕೊಂದು ಅಂಟೋದೇ ಇಲ್ಲ.
ಇದು ಜನವರಿಯ ಮಳೆ, ಹೆಪ್ಪುಗಟ್ಟಿದ್ದು.
ಇದು ಮಾರ್ಚಿನದು. ಬಿಸಿಲು ಬಿದ್ದರೆ
ತನ್ನ ಭಾರ ತನಗೇ ತಡೆಯಲ್ಲ.
ಎಲ್ಲರೂ ಹೆದರೋದು ಮೇಲಿನದಕ್ಕೆ.
ಕೊಲ್ಲೋದು ಅಡಿಯ ಸಕ್ಕರೆ."

ಮದುವೆಯಾದ ದಿನವೂ ಅಪ್ಪ
ಇಷ್ಟು ಮಾತಾಡಿರಲಿಲ್ಲವಂತೆ.

ಬೆಳಗಿನ ಜಾವ ನಾಲ್ಕಕ್ಕೆ ಫಿರಂಗಿ ಹಾರಿಸಿ
ಬೆಟ್ಟವನ್ನು ಬೇಕೆಂದೇ ಬೀಳಿಸುವುದು ಅವನ ಕೆಲಸ.
ಕಣಿವೆಯ ತಳದಲ್ಲಿ ನಮ್ಮ ಮನೆ.
ಕಪಾಟಿನ ತಟ್ಟೆಗಳು ಝಲ್ ಅನ್ನುತ್ತಿದ್ದವು.
"ನಿಮ್ಮಪ್ಪ ಕೆಲಸಕ್ಕೆ ತಲುಪಿದ" ಅನ್ನುತ್ತಿದ್ದಳು ಅಮ್ಮ,
ಮಗ್ಗುಲು ಬದಲಿಸಿ.

ಅರ್ಧ ತಟ್ಟೆ ಮುಗಿದಿತ್ತು,
ಮೇಲಿನಿಂದ, ಶಿಸ್ತಾಗಿ.
"ಆ ಮೂರನೇ ಕೊರಕಲು ಕಾಣುತ್ತಾ,
ಮರಗಳು ಗಿಡ್ಡ ಇರೋ ಕಡೆ?"
ಕಂಡಿತು. ಕಡುಹಸಿರಿನ ನಡುವೆ
ತೇಪೆ ಹಾಕಿದಂಥ ತಿಳಿಹಸಿರು.
"ಇಪ್ಪತ್ತೆರಡು ವರ್ಷದವು ಅವು," ಅಂದ.
"ಮೊದಲಿದ್ದವು ವೆಂಡೆಲ್ ಜೊತೆ ಹೋದವು."

ನಾನು ನೀರು ಕುಡಿದೆ. ಗ್ಲಾಸು ಕೆಳಗಿಡಲು
ಜಾಗ ಹುಡುಕುವಂತೆ ನಟಿಸಿದೆ.

ಪಕ್ಕದ ಮೇಜಿನಲ್ಲಿ, ಮುಂದಿನ ಹಲ್ಲು ಬಿದ್ದ ಹುಡುಗ
ತಳದಿಂದ ಒಂದನ್ನು ಹಿಡಿದು ಎಳೆದ.
ಇಡೀ ಗುಡ್ಡೆ ಜಾರಿ ಅವನ ತೊಡೆಗೆ, ಅಲ್ಲಿಂದ ನೆಲಕ್ಕೆ.
ಅವರಮ್ಮ ಚೀರಿ, ಆಮೇಲೆ ನಕ್ಕಳು. ಎಲ್ಲರೂ ನಕ್ಕರು.
ಹುಡುಗ ಆ ರಾಶಿಯೊಳಗೆ ಬೆರಳು ತೂರಿಸಿ
ತನ್ನ ಒಂದು ಆಲಿವ್‌ಗಾಗಿ ತಡಕಾಡತೊಡಗಿದ.
ಅಪ್ಪನ ಕೈ ಮೇಜಿನ ಅಂಚು ಹಿಡಿದಿತ್ತು,
ಗೆಣ್ಣುಗಳು ಬಿಳಿಚಿದ್ದವು.
"ಹದಿನೈದು ನಿಮಿಷ," ಅಂದ, ಯಾರಿಗೂ ಅಲ್ಲ.
"ಅದರ ಮೇಲೆ ಹುಡುಕಿ ಪ್ರಯೋಜನವಿಲ್ಲ."

ಆಲಿವ್ ಸಿಕ್ಕಿತು. ಹುಡುಗ ಅದನ್ನು
ಅಂಗಿಗೆ ಒರೆಸಿ ಬಾಯಿಗೆ ಹಾಕಿಕೊಂಡ.

ಬೆಳಕು ಕೊರಕಲಿನಿಂದ ಮೇಲೇರಿ
ತುದಿಯಲ್ಲಿ ಸ್ವಲ್ಪ ಹೊತ್ತು ಕೂತಿತ್ತು.
ತಟ್ಟೆಗೆ ಕಚ್ಚಿಕೊಂಡ ಸುಟ್ಟ ಚೀಸನ್ನು
ನಾವಿಬ್ಬರೂ ಉಗುರಿನಲ್ಲಿ ಕೆರೆದೆವು.
ಅದೇ ಎಲ್ಲಕ್ಕಿಂತ ರುಚಿ.

"ಮಿಕ್ಕದ್ದು ಕಟ್ಟಿಕೊಡಲಾ?" ಅಂದಳು ಮಾರ್ಲಿಸ್.
ಮಿಕ್ಕಿದ್ದೇನಿತ್ತು,
ಅಪ್ಪ ಒಂದೊಂದಾಗಿ ಬದಿಗೆ ಸರಿಸಿದ್ದ
ಹನ್ನೊಂದು ಮೆಣಸಿನ ಬಿಲ್ಲೆ.
ಖಾರ ಅವನಿಗೆ ಆಗುವುದಿಲ್ಲ.
ಲಾರಿಯ ಕಿಟಕಿಯಲ್ಲಿ ಸೀಸೆಯಿಟ್ಟುಕೊಂಡು
ಬರಿಬೆರಳಲ್ಲಿ ತೆಗೆತೆಗೆದು ತಿನ್ನುತ್ತಿದ್ದವನು ವೆಂಡೆಲ್.

"ಕಟ್ಟು," ಅಂದ ಅಪ್ಪ.