ಅಸಲಿನಂತೆ ನಕಲು

ಚಿತ್ತಾಪುರದ ಸರ್ವೇ ಕಚೇರಿ, ಹಿಂದಿನ ಕೋಣೆ,
ಕರೆಂಟ್ ಹೋದ ಮಧ್ಯಾಹ್ನ.
ಲಾಡ್ಲೆಸಾಬರು ಒಂದು ಹಿಡಿ ತೊಗರಿಬೇಳೆ
ಹಾಳೆಯ ಮೇಲೆ ಚೆಲ್ಲುತ್ತಿದ್ದರು.
ಚೆಲ್ಲಿದ್ದಕ್ಕೆ ಬೆರಳು ಹಚ್ಚುವಂತಿಲ್ಲ.
ಸುತ್ತ ಪೆನ್ಸಿಲ್ ಒಯ್ದರೆ ಅದೇ ದಂಡೆ,
ದೂರ ಸಿಡಿದ ನಾಲ್ಕು ಕಾಳು ನಡುಗಡ್ಡೆ.

"ಬರೇ ಕೈಲೆ ತೆಗದ ದಂಡಿ ಸುಳ್ಳು ಹೇಳ್ತದ, ಸುಗಲಾ.
ಕೈಗೆ ಗುಂಡಗ ತಿರಗೂ ಚಟ ಅದ.
ರೊಟ್ಟಿ ಅಂಚು ನೋಡು,
ಬಡದಾಕಿ ಮಾತು ಕೇಳ್ತದೇನು?"

ನಾನು ಹೊಸ ಟ್ರೇಸರ್.
ಮುಂಜಾನೆಯಿಂದ ಹಿಸ್ಸಾ, ಪೋಡಿ, ಬಾಂದುಕಲ್ಲು,
ಅಣ್ಣನ ಕಡೆ ಎರಡು ಗುಂಟೆ,
ತಮ್ಮನ ಕಡೆ ಅರ್ಧ ಬೇವಿನಗಿಡ.
ಎರಡಕ್ಕೆ ಊಟದ ಡಬ್ಬಿ ಮುಚ್ಚಿದ ಮೇಲೆ
ಯಾರಿಗೂ ಸೇರದ ಈ ಖಂಡ.

"ಗುಡ್ಡ ಒಂಟಿ ನಿಂದ್ರಸಬ್ಯಾಡ.
ರೇಷನ್ ಅಂಗಡಿ ಮುಂದ ಚೀಲ ಇಟ್ಟಂಗ ಸಾಲು ಹಿಡೀಲಿ.
ಮಾಡ ಬರೂ ಕಡೆ ಹಸರು ಹಚ್ಚು,
ಬೆನ್ನಿನ ಕಡೆ
ನಮ್ಮೂರಂಥವು ನಾಕು ಊರು."

ನಾನೊಂದು ನದಿಯನ್ನು ನಡುವೆ ಒಡೆದು
ಎರಡು ಸಮುದ್ರಕ್ಕೆ ಕಳಿಸಿದ್ದೆ, ಚೆಂದ ಕಾಣಲೆಂದು.
"ಹೊಳಿ ಕೂಡತಾವವ್ವ, ಪಾಲಾಗಂಗಿಲ್ಲ.
ಕಾಗಿಣಾ ಹೋಗಿ ಭೀಮಾಕ್ಕ ಬೀಳ್ತದ.
ಭೀಮಾ ಎಂದರ ಅದರ ಹಿಸ್ಸಾ ತಿರುಗಿ ಕೊಟ್ಟದೇನು?"
ಬ್ಲೇಡಿನಿಂದ ಹೆರೆದರು. ಹಾಳೆ ತೆಳ್ಳಗಾಗಿ
ಕಿಟಕಿಯ ಬೆಳಕು ಅಲ್ಲಿ ನಿಂತಿತು.
ಆ ಗಾಯಕ್ಕೆ ನೀಲಿ ತುಂಬಿ ಕೆರೆ ಮಾಡಿದೆವು.
ಇಡೀ ನಕಾಶೆಯಲ್ಲಿ ಈಗಲೂ ಕಣ್ಣು ಮೊದಲು
ಹೋಗುವುದು ಆ ಕೆರೆಗೇ.

ಸ್ಟಾಂಪ್ ಪ್ಯಾಡಿನ ಶಾಯಿಗೆ ನೀರು ಬೆರೆಸಿ
ಆಳಕ್ಕೆ ಮೂರು ಕೈ, ದಂಡೆಗೆ ಒಂದೇ ಕೈ.
ಚಹಾದ ಕೊನೆಯ ಗುಟುಕು ಹಾಳೆಯ ಮೂಲೆಗೆ,
ನಾಲ್ಕು ಮಡಿಕೆ ಮಾಡಿ ಒಂದು ದಿನ
ಕುರ್ಚಿಯ ದಿಂಬಿನ ಕೆಳಗೆ.
"ಸಮುದ್ರ ನೋಡೀರೇನ್ರಿ?" ಕೇಳಿದೆ.
"ಮೂವತ್ತು ವರ್ಷ ಹೊಲಾ ಬರದೀನಿ,
ಅದರಾಗ ಅರ್ಧಾ ನೋಡಿಲ್ಲ."
"ಮತ್ತ ತೆರಿ ಹೆಂಗ ಬರೀಲಿ?"
ಚಪ್ಪಲಿ ಬಿಟ್ಟು ಹೆಬ್ಬೆರಳಿನಿಂದ
ನೆಲದ ಶಹಾಬಾದ ಫರಸಿ ತೋರಿಸಿದರು.
ಕಲ್ಲಿನ ಮೈಮೇಲೆ ಗೆರೆಯ ಹಿಂದೆ ಗೆರೆ,
ಯಾವುದೋ ನೀರು ಆಗಷ್ಟೇ ಹಿಂದೆ ಸರಿದಂತೆ.
ಮಂಡಿಯೂರಿ ನಕಲು ತೆಗೆದೆ.

ಎಲ್ಲ ಮುಗಿಯಿತು ಅಂದುಕೊಂಡೆ.
ಅವರು ದೂರ ಹಿಡಿದು ನೋಡಿದರು, ಹತ್ತಿರ ತಂದರು.
"ಏನೋ ಕಮ್ಮಿ ಅದ.
ತಕರಾರಿಲ್ಲದ ನಕಾಶಿ ಯಾರ್ ನಂಬ್ತಾರ?"
ದಕ್ಷಿಣದ ಕೊಲ್ಲಿಯ ಪಕ್ಕ, ಉಗುರಿನಷ್ಟು ಜಾಗಕ್ಕೆ
ಚುಕ್ಕೆಗೆರೆ ಸುತ್ತಿ ಎರಡು ಹೆಸರು ಬರೆದರು,
ಒಂದು ಕೆಂಪು, ಒಂದು ಕರಿ ಶಾಯಿ.
ಆಗ ನೋಡಿ, ಹಾಳೆ ಉಸಿರಾಡಿದಂತಾಯಿತು.

ಆಮೇಲಿನದು ನನ್ನ ತಪ್ಪು.
ಒಣಗಲಿ ಎಂದು ಫೈಲುಗಳ ಮೇಲೆ ಹರವಿದ್ದೆ.
ಗುಮಾಸ್ತ ಹಣಮಯ್ಯ ಮಾತಾಡುತ್ತ ಮಾತಾಡುತ್ತ
ಒಂದರ ಹಿಂದೊಂದು ಮುದ್ರೆ ಒತ್ತಿ
ಅದಕ್ಕೂ ಒತ್ತಿದ. ನಡುಸಮುದ್ರದಲ್ಲಿ
ನೇರಳೆ ಅಕ್ಷರ: ಅಸಲಿನಂತೆ ನಕಲು.
ಮೂವತ್ತು ರೂಪಾಯಿ ಫೀಗೆ
ಖಂಡ ದಂಡೋತಿಗೆ ಹೋಯಿತು,
ಮರೆಪ್ಪ ಕೊಟಗಿಯವರ ಹೊಲದ ಲಕೋಟೆಯಲ್ಲಿ.

ಎಂಟು ದಿನಕ್ಕೆ ಮರೆಪ್ಪ ತಿರುಗಿ ಬಂದ.
ಜಗಳಕ್ಕೇ ಬಂದನೆಂದು ನಾನು ಎದ್ದು ನಿಂತೆ.
ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ,
ಮಡಿಕೆ ತೀಡಿ, ಕೆರೆ ದಾಟಿ, ಗುಡ್ಡ ಸುತ್ತಿ,
ಬೆರಳು ಚುಕ್ಕೆಗೆರೆಗೆ ಬಂದು ನಿಂತಿತು.
"ನನ್ನ ಹೊಲ ಇದರಾಗ ಸಿಗಲಿಲ್ರಿ ಸಾಬ್ರ.
ಅದು ಇರಲಿ.
ಈ ಇಬ್ಬರದು ಏನಾಯ್ತು?"

ಲಾಡ್ಲೆಸಾಬರು ಚಷ್ಮಾ ತೆಗೆದು ಅಂಗಿಗೆ ಒರೆಸಿದರು,
ಮತ್ತೆ ಹಾಕಿಕೊಂಡರು.
"ಇನ್ನಾ ತಾರೀಖು ಬಿದ್ದಿಲ್ಲ," ಅಂದರು.